ಮಾವ ಒಪ್ಪಿಸಿ ಹೋದ ಕಟ್ಟು

ಒಂದಾನೊಂದು ಊರಿನಲ್ಲಿ ಒಬ್ಬಳು ಕಳ್ಳಿಯಿದ್ದಳಂತೆ. ಬೀಗ ಮುರಿಯುವವಳಲ್ಲ, ಕನ್ನ ಕೊರೆಯುವವಳೂ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣವಳು. ಉಸಿರಿನ ಜೊತೆಗೇ ಒಳಗೆ ಬಂದು, ಹತ್ತು ಹದಿನೈದು ದಿನ ಮೈಯನ್ನು ಕೆಂಡ ಮಾಡಿ, ಬಂದ ದಾರಿಯಲ್ಲೇ ಹೊರಟುಹೋಗುತ್ತಿದ್ದಳು. ಕೆಲವು ಮನೆಗಳಿಂದ ಪ್ರಾಣವನ್ನೇ ಒಯ್ದಳು. ಅದು ಎಲ್ಲರಿಗೂ ತಿಳಿಯಿತು, ಎಲ್ಲರೂ ಅತ್ತರು. ಆದರೆ ಇನ್ನು ಕೆಲವರಿಂದ ಅವಳು ಒಯ್ದದ್ದು ಎಷ್ಟು ಹಗುರವಾದ ವಸ್ತುವೆಂದರೆ, ಅದು ಹೋಯಿತೆಂದೇ ಯಾರಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಏನೋ ಕಡಿಮೆಯಾಗಿದೆ, ಏನೆಂದು ತಿಳಿಯದು... ಆಗ ಮನೆಯವರು ಏನು ಮಾಡುತ್ತಾರೆ? ಒಬ್ಬರ ಮುಖ ಒಬ್ಬರು ನೋಡುತ್ತಾರೆ. “ನೀನೇ ಕದ್ದೆ” ಎನ್ನುತ್ತಾರೆ.

ಅಂಥದೊಂದು ಮನೆಯ ಕಥೆ ಇದು.

“ಯಾರು ಒಗೆದದ್ದು ಇದನ್ನ?”

ಅತ್ತೆ ನಡುಮನೆಯಲ್ಲಿ ತಗಡಿನ ಪೆಟ್ಟಿಗೆಯ ಮುಂದೆ ಕೂತಿದ್ದರು. ಜ್ವರ ಬಿಟ್ಟು ಎದ್ದ ಮೊದಲ ದಿನ. ಕೈಯಲ್ಲೊಂದು ಹಳದಿ ಫ್ರಾಕು, ಎಂಟು ವರ್ಷದ ಹುಡುಗಿಯ ಅಳತೆಯದು. ಅದನ್ನು ಮುಖಕ್ಕೆ ಒತ್ತಿಕೊಂಡು ಉಸಿರೆಳೆದರು. ತೆಗೆದು ನೋಡಿದರು. ತಿರುಗಿಸಿ, ಕಂಕುಳಿನ ಹೊಲಿಗೆಯನ್ನು ಮೂಗಿಗೆ ಹಿಡಿದು ಮತ್ತೆ ಎಳೆದರು. ಅವರ ಮುಖ ಬಿಳಿಚಿತು.

“ನಿನ್ನನ್ನೇ ಕೇಳ್ತಿರೋದು! ಮೂವತ್ತೆರಡು ವರ್ಷ... ಮೂವತ್ತೆರಡು ವರ್ಷ ಇದಕ್ಕೆ ಒಂದು ಹನಿ ನೀರು ಸೋಕಿಸಿಲ್ಲ ನಾನು. ನನ್ನ ಮಗಳ ಮೈವಾಸನೆ ಇತ್ತು ಇದರಲ್ಲಿ. ನಾನು ಮಲಗಿದ್ದಾಗ ಈ ಮನೆ ಬಟ್ಟೆ ಎಲ್ಲ ಒಗೆದವಳು ಯಾರು?”

ಸೊಸೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಜ್ವರದ ಮನೆಯ ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿ ಎಂದು ಆರೋಗ್ಯ ಇಲಾಖೆಯವರು ಹೇಳಿಹೋಗಿದ್ದರು. ಹಾಕಿದವಳು ಅವಳೇ. ದೊಡ್ಡ ಹಂಡೆ ನೆನಪಿತ್ತು, ತಿರುವುವ ಕೋಲು ನೆನಪಿತ್ತು, ಬಿಳಿ ಚಾದರಗಳು ಹೊಟ್ಟೆಯುಬ್ಬಿಸಿಕೊಂಡು ಮೇಲೆ ಬಂದದ್ದು ನೆನಪಿತ್ತು. ಅವುಗಳ ನಡುವೆ ಹಳದಿಯದೇನಾದರೂ ಇತ್ತೇ? ಪೆಟ್ಟಿಗೆ ತೆರೆದೆನೇ? ನೆನಪಿರಬೇಕಾದ ಜಾಗದಲ್ಲಿ ಬರೀ ಹಬೆ...! ತನ್ನ ಕೈ ಮಾಡಿದ್ದು ತನಗೇ ಗೊತ್ತಿಲ್ಲವೆಂದು ಯಾರ ಮುಂದೆ ಹೇಳಿಕೊಳ್ಳುವುದು?

“ನಾನೇ... ಇರಬಹುದು ಅತ್ತೆ.”

“ಇರಬಹುದಂತೆ!” ಅತ್ತೆ ಮಗನತ್ತ ತಿರುಗಿದರು. “ಕೇಳಿದೆಯೇನೋ ನಿನ್ನ ಹೆಂಡತಿ ಮಾತು? ಇರಬಹುದಂತೆ! ಗಂಡನ್ನ ಮೊನ್ನೆ ಕಳಕೊಂಡೆ. ಮಗಳನ್ನ ಇವತ್ತು ಕಳಕೊಂಡೆ. ಒಗೆದು ಒಣಗಿಸಿ ಮಡಚಿಟ್ಟಿದಾಳೆ ಪುಣ್ಯಾತ್ಗಿತ್ತಿ, ಇಸ್ತ್ರಿ ಒಂದು ಬಾಕಿ!”

ಅಂದಿನಿಂದ ಅತ್ತೆ ಸೊಸೆಯ ಹೆಸರು ಹಿಡಿದು ಕರೆಯುವುದನ್ನು ಬಿಟ್ಟರು. “ಅಗಸಗಿತ್ತಿ” ಎಂದರೆ ಅವಳೇ ಎಂದು ಗೋಡೆಗಳಿಗೂ ತಿಳಿಯಿತು.

ಅದು ಬೈಂಡಿಂಗ್ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಶಾಲೆಯ ಹಾಜರಿ ಪುಸ್ತಕ, ಗ್ರಂಥಾಲಯದ ಹರಕು ಕಾದಂಬರಿ, ವಕೀಲರ ದಪ್ಪ ದಪ್ಪ ಕಾನೂನು, ಎಲ್ಲವೂ ಆ ಬಾಗಿಲಿಗೆ ಬೆನ್ನು ಮುರಿದುಕೊಂಡು ಬಂದು, ನೆಟ್ಟಗಾಗಿ ಹೋಗುತ್ತಿದ್ದವು. ಅತ್ತೆಯದು ಹೊಲಿಗೆ. ಗಂಡನದು ಕತ್ತರಿ ಯಂತ್ರ. ಮಾವನದು ರಟ್ಟು, ಬಟ್ಟೆ, ಬೆನ್ನು. ಸೊಸೆಯದು ಅಂಟು. ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ಕಾಯಿಸಿ, ಇಳಿಸುವ ಮುನ್ನ ಒಂದು ಚಮಚ ಪಟಿಕದ ಪುಡಿ ಹಾಕಿದರೆ ಅಂಟು ನಾಲ್ಕಾರು ದಿನ ನಿಲ್ಲುತ್ತದೆ. ಹುಳಿಯಾದ ಅಂಟು ಪುಸ್ತಕದೊಳಗೆ ಹೋಯಿತೋ, ಹಾಳೆಗಳಿಗೆ ಬೂಷ್ಟು ಖಂಡಿತ. ಆದರೂ ಆ ಮನೆಯಲ್ಲಿ ಮಡಕೆಯ ಮೇಲೆ ತಾರೀಖು ಬರೆಯುವ ಪದ್ಧತಿ ಇರಲಿಲ್ಲ. “ತಾರೀಖು ಬರೆಯೋದು ಮೂಗಿಲ್ಲದವರ ಕೆಲಸ” ಎನ್ನುತ್ತಿದ್ದರು ಮಾವ. ಬೆಳಿಗ್ಗೆ ಮುಚ್ಚಳ ತೆಗೆದು ಸೊಸೆ ಒಮ್ಮೆ ಮೂಸಬೇಕು, “ಸರಿ” ಅಥವಾ “ಚೆಲ್ಲಿ” ಎನ್ನಬೇಕು. ಅವಳು “ಸರಿ” ಎಂದ ಮಡಕೆಯನ್ನು ಇನ್ನೊಬ್ಬರು ಮೂಸುವಂತಿರಲಿಲ್ಲ. ಹಾಗೆ ಮಾಡಿದರೆ ಅವಳ ಮುಖಕ್ಕೆ ಹೊಡೆದಂತೆ. ಹನ್ನೆರಡು ವರ್ಷ ಅವಳ ಮೂಗು ಒಂದು ದಿನವೂ ತಪ್ಪಿರಲಿಲ್ಲ. ಗಂಡನ ಮೂಗಿನ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಹದಿನೆಂಟನೇ ವಯಸ್ಸಿನಿಂದ ನಶ್ಯ ಏರಿಸಿದವನು. “ಅದು ಮೂಗಲ್ಲ, ನಶ್ಯದ ಉಗ್ರಾಣ” ಎಂದು ಮಾವನೇ ನಗುತ್ತಿದ್ದರು.

ಆ ಮಾವ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರೇ ಹೋದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೊನೆಯ ದಿನ ಒಬ್ಬ ನರ್ಸಮ್ಮ ಫೋನನ್ನು ಅವರ ಕಿವಿಗೆ ಹಿಡಿದುಕೊಂಡಳಂತೆ. ಇತ್ತ ಮನೆಯಲ್ಲಿ ಫೋನೆತ್ತಿದವಳು ಸೊಸೆ. ಅವಳ ಮೈಯೂ ಸುಡುತ್ತಿತ್ತು. ಗೋಡೆಗೆ ತಲೆಯಾನಿಸಿ ಕೇಳಿಸಿಕೊಂಡಳು.

“ಮೇಲಿನ ಹಲಗೆ ಮೇಲೆ... ಬಟ್ಟೆಗಂಟಿದೆಯಲ್ಲಮ್ಮ, ಅದು ಹುಡುಗಿ ನೋಟ್‌ಬುಕ್ಕು. ಹನ್ನೊಂದು. ಪಿನ್ನು ತುಕ್ಕು ಹಿಡಿದಿತ್ತು ಅಂತ ನಾನೇ ಕಿತ್ತೆ. ಕಿತ್ತ ಮೇಲೆ... ಸೂಜಿ ಹಾಕೋಕೆ ಕೈ ಬರಲಿಲ್ಲ. ಮೂವತ್ತೆರಡು ವರ್ಷ ಬರಲಿಲ್ಲ ನೋಡು. ನೀನು ಕಟ್ಟು. ಒಂದೇ ಪುಸ್ತಕ ಮಾಡಿ ನಿಮ್ಮತ್ತೆ ಕೈಗೆ ಕೊಡು. ಕೊಡುವಾಗ ಒಂದು ಮಾತು ಹೇಳು...”

ಆಮೇಲೆ ಆ ಮಾತನ್ನು ಹೇಳಿದರು. ಒಂದೇ ವಾಕ್ಯ.

“ಮಾಡ್ತೀನಿ ಮಾವ. ಹೇಳ್ತೀನಿ. ಆಣೆ” ಎಂದಳು ಸೊಸೆ.

ಹತ್ತು ದಿನದ ನಂತರ ಅವಳು ಹಾಸಿಗೆ ಬಿಟ್ಟೆದ್ದಾಗ ಎಲ್ಲವೂ ನೆನಪಿತ್ತು. ಮಾವನ ಏದುಸಿರು, ಹಿಂದೆ ಯಾವುದೋ ಯಂತ್ರ ಕುಯ್ಯ್ ಎನ್ನುತ್ತಿದ್ದದ್ದು, “ಕೊಡುವಾಗ ಒಂದು ಮಾತು ಹೇಳು” ಎಂಬುದರ ತನಕ ಎಲ್ಲವೂ! ಅದರ ಮುಂದಿನ ಆ ಒಂದು ವಾಕ್ಯ ಮಾತ್ರ ಇರಲಿಲ್ಲ.

ಅಯ್ಯೋ, ಇರಲಿಲ್ಲವೆಂದರೆ ಇರಲೇ ಇಲ್ಲ! ಪಾತ್ರೆ ತಿಕ್ಕುತ್ತ ಹುಡುಕಿದಳು, ಕೂದಲು ಬಾಚುತ್ತ ಹುಡುಕಿದಳು. ಸಿಗುತ್ತಿದ್ದದ್ದು ಬೇರೆಯ ತೂತುಗಳು. ಒಂದು ದಿನ ಕತ್ತರಿಯ ಹೆಸರು ಸಿಗಲಿಲ್ಲ, “ಅದು ಕೊಡಿ, ಅದು... ಬಾಯಿ ತೆರೆಯೋದು” ಎಂದಳು. ಗಂಡ ನಕ್ಕ. ಇನ್ನೊಂದು ದಿನ ಅಂಗಡಿ ಬೀದಿಯ ತಿರುವಿನಲ್ಲಿ ಯಾವ ಕಡೆ ಮನೆ ಎಂದು ತಿಳಿಯದೆ, ಚಪ್ಪಲಿ ಕಿತ್ತವಳಂತೆ ಬಗ್ಗಿ ನಟಿಸುತ್ತ ನಿಂತಳು. ಇನ್ನು ಅಂಟಿನ ಮಾತು! ಮತ್ತೆ ಕೆಲಸಕ್ಕಿಳಿದ ಮೊದಲ ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿದಾಗ ಅವಳಿಗೆ ತಾಗಿದ್ದು ಬರೀ ತಣ್ಣನೆಯ ಗಾಳಿ. ಮಡಕೆ ತೊಳೆದಿಟ್ಟಿರಬೇಕು ಎಂದುಕೊಂಡು ಬೆರಳದ್ದಿದರೆ, ಒಳಗೆ ಅಂಟು ಇತ್ತು. ಸಾಬೂನು ಮೂಸಿದಳು, ಸೀಮೆಎಣ್ಣೆ ಮೂಸಿದಳು, ತನ್ನದೇ ಸೆರಗು ಮೂಸಿದಳು. ಲೋಕಕ್ಕೆ ಗಾಜು ಹಾಕಿ ಮುಚ್ಚಿದ್ದರು.

“ಹೇಗಿದೆ?” ಎಂದ ಗಂಡ, ಒಳಗಿನಿಂದ.

ಹೇಳಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ಅತ್ತೆ ಫ್ರಾಕು ಹಿಡಿದು ಅತ್ತಿದ್ದರು. ಕೈಗೆ ನೆನಪಿಲ್ಲ, ಮೂಗಿಗೆ ವಾಸನೆಯಿಲ್ಲ ಎಂದರೆ ಈ ಮನೆಯಲ್ಲಿ ತನಗೆ ಯಾವ ಜಾಗ ಉಳಿದೀತು? ಮಾವನ ಕಟ್ಟನ್ನು ಮುಟ್ಟಲಾದರೂ ಬಿಟ್ಟಾರೆಯೇ?

“ಸರಿ” ಎಂದಳು.

ಅಂದಿನಿಂದ ದಿನಾ “ಸರಿ”. ಭಯಕ್ಕೆ ಎರಡು ದಿನಕ್ಕೊಮ್ಮೆ ಹೊಸ ಅಂಟು ಕಾಯಿಸುತ್ತಿದ್ದಳು. ಆದರೆ ಯಾವತ್ತು ಕಾಯಿಸಿದೆ ಎಂಬುದೇ ನಿಲ್ಲದ ತಲೆ ಅದು. ತಾರೀಖು ಬರೆಯಲು ಒಮ್ಮೆ ಪೆನ್ಸಿಲ್ ಹಿಡಿದಳು ಕೂಡ. ಅತ್ತೆ ಹೊಲಿಗೆಯ ಮಣೆಯಿಂದ ಕಣ್ಣೆತ್ತಿದರು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನಾದಳು.

ಮಧ್ಯಾಹ್ನ ಅತ್ತೆ ಮಲಗಿದಾಗ ಅವಳು ಬಟ್ಟೆಗಂಟು ಬಿಚ್ಚುತ್ತಿದ್ದಳು. ಬಿಡಿ ಹಾಳೆಗಳು. ಮೊದಲು ಕೋಲುಕೋಲಾದ ಅಕ್ಷರ, ಆಮೇಲೆ ದುಂಡಗೆ. ಕೂಡುವ ಲೆಕ್ಕ, ಅಂಚಿನಲ್ಲಿ ಎರಡು ಜಡೆಯ ಹುಡುಗಿಯ ಚಿತ್ರ, ಕೆಂಪು ಶಾಯಿಯಲ್ಲಿ ಮೇಡಂ ಹಾಕಿದ “ಅಂದವಾಗಿ ಬರೆ”. ಯಾವುದು ಮೊದಲು ಯಾವುದು ನಂತರ ಎಂದು ಜೋಡಿಸುತ್ತಾಳೆ. ನೀರು ಕುಡಿದು ಬರುವಷ್ಟರಲ್ಲಿ ಜೋಡಿಸಿದ್ದು ಯಾಕೆ ಹಾಗೆ ಎಂದು ಮರೆಯುತ್ತದೆ. ಮತ್ತೆ ಮೊದಲಿನಿಂದ. ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ಕೊನೆಗೆ, ಕಣ್ಣಿಗೆ ಸರಿ ಕಂಡಂತೆ ಹೊಲಿದು, ಬೆನ್ನಿಗೆ ಅಂಟು ತುಂಬಿ, ಹರಿದ ಅಂಚುಗಳಿಗೆಲ್ಲ ತೆಳು ಕಾಗದದ ಪಟ್ಟಿ ಅಂಟಿಸಿ, ಒತ್ತುಯಂತ್ರದ ಅಡಿಯಲ್ಲಿಟ್ಟಳು. ‘ಆಯಿತು ಮಾವ’ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ‘ಆ ಮಾತು ನೆನಪಾದ ದಿನ ತೆಗೆದು ಕೊಡುತ್ತೇನೆ.’

ಮಾತು ನೆನಪಾಗಲೇ ಇಲ್ಲ. ಪುಸ್ತಕ ಒತ್ತಿನಲ್ಲೇ ತಿಂಗಳು ಕಳೆಯಿತು.

ಶಾಲೆಗೆ ರಜೆ ಬಂದು ಸೊಸೆಯ ಮಗಳು ಮನೆಗೆ ಬಂದಳು. ಜ್ವರದ ಕಾಲದಲ್ಲಿ ಚಿಕ್ಕಮ್ಮನ ಮನೆಗೆ ಕಳಿಸಿದ್ದ ಹುಡುಗಿ. ಮಾತು ನಿಲ್ಲಿಸದವಳಾದ್ದರಿಂದ ಎಲ್ಲರಿಗೂ ಚಿನಕುರಳಿ. ಚೀಲ ಹಿಡಿದು ಹೊಸ್ತಿಲು ದಾಟಿದವಳು ಅಲ್ಲೇ ನಿಂತು, ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡಳು.

“ಥೂ! ಏನಮ್ಮಾ ಇದು ನಾತ? ಇಲಿ ಸತ್ತಿದೆಯಾ?”

ಮಗಳು ಮೂಗಿನ ದಾರಿ ಹಿಡಿದು ಹೋದಳು. ಅಂಟಿನ ಮಡಕೆಯ ಹತ್ತಿರ “ಇಲ್ಲಿ” ಎಂದಳು. ಒತ್ತುಯಂತ್ರದ ಹತ್ತಿರ “ಇಲ್ಲೂ” ಎಂದಳು. ತಿರುಪು ಸಡಿಲಿಸಿ ಎಳೆದದ್ದು ಅತ್ತೆ. ಹೊರಗೆ ಬಂದದ್ದು ಹಸಿರು ಬೂಷ್ಟು ಹಿಡಿದ ಒಂದು ಕಾಗದದ ಇಟ್ಟಿಗೆ. ಬಲವಂತವಾಗಿ ತೆರೆದ ಜಾಗದಲ್ಲಿ, ಅರ್ಧ ಕರಗಿದ ಎರಡು ಜಡೆಯ ಹುಡುಗಿ ಇದ್ದಳು.

ಅತ್ತೆಗೆ ಆ ಕೈಬರಹ ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

“ಇದು... ಇದು ನನ್ನ ಕೂಸಿನದು! ಎಲ್ಲಿತ್ತು ಇದು? ಸುಟ್ಟುಬಿಟ್ಟೆ ಅಂದಿದ್ರಲ್ಲ ಅವರು!”

ಸೊಸೆ ನೆಲಕ್ಕೆ ಕೂತಳು. ಎಲ್ಲವನ್ನೂ ಹೇಳಿದಳು, ಫೋನು, ಗಂಟು, ಆಣೆ. ಅಂಟಿಗೆ ಪಟಿಕ ಹಾಕಿದೆನೋ ಇಲ್ಲವೋ ಗೊತ್ತಿಲ್ಲವೆಂದಳು. ವಾಸನೆ ಬಾರದೆ ಮೂರು ತಿಂಗಳಾಯಿತು ಎಂದಳು. ಕೊನೆಗೆ ಅದನ್ನೂ ಹೇಳಿದಳು:

“ನಿಮಗೆ ಹೇಳು ಅಂತ ಒಂದು ಮಾತು ಹೇಳಿದ್ರು ಅತ್ತೆ... ಮರೆತುಹೋಯ್ತು.”

“ಮರೆತುಹೋಯ್ತಾ?” ಅತ್ತೆಯ ದನಿ ಕೆಳಗಿಳಿಯಿತು, ಅದು ಕೂಗಿಗಿಂತ ಭಯಂಕರವಾಗಿತ್ತು. “ನಲವತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದ ಮನುಷ್ಯ. ಸಾಯುವಾಗ ನನಗೆ ಅಂತ ಒಂದು ಮಾತು ಬಿಚ್ಚಿದ್ರು. ಅದನ್ನೂ ನುಂಗಿದೆಯಲ್ಲೇ! ಫ್ರಾಕು ಒಗೆದೆ, ಪುಸ್ತಕ ಕೊಳೆಸಿದೆ, ಮಾತು ಮರೆತೆ. ಒಂದು ಸಲ ಸತ್ತಿದ್ದ ಮಗು, ಮೂರು ಸಲ ಸಾಯಿಸಿದೆ! ಹೋಗು... ಈ ಮನೆ ಬಿಟ್ಟು ಎಲ್ಲಿಗಾದರೂ ಹೋಗು!”

“ಅಮ್ಮಾ, ಸಾಕು” ಎಂದ ಗಂಡ. ನಶ್ಯದ ಡಬ್ಬಿಯನ್ನು ತೆರೆದ, ಮುಚ್ಚಿದ.

ಆಗ ಚಿನಕುರಳಿ ಕೇಳಿದಳು. ಬೆರಳು ಇನ್ನೂ ಮೂಗಿನ ಮೇಲೇ ಇತ್ತು.

“ಅಜ್ಜೀ, ನೀನು ಆ ಮಡಕೆ ಪಕ್ಕದಲ್ಲೇ ಅಲ್ವಾ ಕೂತು ಹೊಲಿಯೋದು? ನಿನಗೆ ಹೇಗೆ ಗೊತ್ತಾಗಲಿಲ್ಲ?”

ಅತ್ತೆ ಮಡಕೆಯನ್ನು ನೋಡಿದರು. ಒಂದು ಮೊಳ ದೂರ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮೊಳ ದೂರ. ನಿಧಾನವಾಗಿ ಬಗ್ಗಿ, ಮುಚ್ಚಳ ಸರಿಸಿ, ಮುಖವನ್ನೇ ಒಳಗಿಟ್ಟು ಉಸಿರೆಳೆದರು. ಮತ್ತೊಮ್ಮೆ ಎಳೆದರು. ಮೇಲೆದ್ದಾಗ ಮೂಗಿನ ತುದಿಗೆ ಕೊಳೆತ ಅಂಟು ಮೆತ್ತಿತ್ತು, ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಹುಡುಗಿ ಓಕರಿಸುತ್ತ ಬಾಗಿಲಿಗೆ ಓಡಿದಳು.

ಅತ್ತೆ ಒಳಗೆ ಹೋಗಿ ಪೆಟ್ಟಿಗೆ ತೆರೆದ ಸದ್ದು ಕೇಳಿತು.

“ಬಾ ಮರಿ. ಇದನ್ನ ಮೂಸು. ಸುಳ್ಳು ಹೇಳಬೇಡ, ನನ್ನಾಣೆ. ಏನಿದೆ ಹೇಳು.”

ಚಿನಕುರಳಿ ಹಳದಿ ಫ್ರಾಕನ್ನು ಮೂಗಿಗೆ ಹಿಡಿದಳು. “ತಗಡು ಪೆಟ್ಟಿಗೆ ವಾಸನೆ” ಎಂದಳು. ಇನ್ನೊಮ್ಮೆ ಮೂಸಿದಳು. “ಆಮೇಲೆ... ಎಣ್ಣೆ ಹಚ್ಚಿದ ತಲೆ ತರ. ಬಿಸಿಲಲ್ಲಿ ಆಡಿ ಬಂದ ಮೇಲೆ ಬರುತ್ತಲ್ಲ ಅಜ್ಜಿ, ಹಾಗೆ. ಸ್ವಲ್ಪ ಬಳಪ. ಚೆನ್ನಾಗಿದೆ.”

ಅತ್ತೆ ಫ್ರಾಕನ್ನು ಕಿತ್ತುಕೊಂಡರು. ಮುಖಕ್ಕೆ ಒತ್ತಿಕೊಂಡರು, ಎದೆ ಬಿರಿಯುವಂತೆ ಎಳೆದರು. ಏನೂ ಇಲ್ಲ! ಇದೆ, ಆದರೆ ಏನೂ ಇಲ್ಲ!

“ಒಗೆದಿಲ್ಲ ನೀನು” ಎಂದರು ಸೊಸೆಯತ್ತ ತಿರುಗದೆ.

“ನನಗೆ ಗೊತ್ತಿರಲಿಲ್ಲ ಅತ್ತೆ...”

“ಒಗೆದುಬಿಟ್ಟಿದ್ದರೇ ಚೆನ್ನಾಗಿತ್ತು ಕಣೇ.” ಅವರು ಗೋಡೆಗೊರಗಿ ಜಾರುತ್ತ ಕೂತರು. “ಹೋಯ್ತು ಅಂತ ಅತ್ತು ಸುಮ್ಮನಾಗ್ತಿದ್ದೆ. ಈಗ ಇಲ್ಲೇ ಇದಾಳೆ, ನನ್ನ ಕೈಯಲ್ಲೇ ಇದಾಳೆ... ನನಗೆ ಬಾಗಿಲು ತೆಗೀತಿಲ್ಲ.”

ಸೊಸೆ ಹತ್ತಿರ ಹೋದಳು. ಅಪ್ಪಿಕೊಳ್ಳಲಿಲ್ಲ, ಆ ಮನೆಯಲ್ಲಿ ಅದು ಅಭ್ಯಾಸವಿರಲಿಲ್ಲ. ಸೆರಗಿನಿಂದ ಅತ್ತೆಯ ಮೂಗಿನ ಮೇಲಿನ ಅಂಟನ್ನು ಒರೆಸಿದಳು.

ಮರುದಿನ ಗಂಡ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಕಣ್ಣು ಮುಚ್ಚಿಸಿ ಶೀಶೆಗಳನ್ನು ಮೂಸಿಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. “ವೈರಸ್ಸು ಮೂಗಿನ ಬೇರನ್ನ ಕಡಿದು ಹೋಗುತ್ತೆ. ಮೂಗಿಗೂ ನೆನಪಿಗೂ ಮೆದುಳಿನಲ್ಲಿ ಅಕ್ಕಪಕ್ಕದ ಮನೆ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಕ್ಕೂ ಹೊಗೆ ಹೋಗಬಹುದು. ಕೆಲವರಿಗೆ ವರ್ಷದಲ್ಲಿ ಬರುತ್ತೆ. ಕೆಲವರಿಗೆ ಬರಲ್ಲ. ದಿನಾ ನಾಲ್ಕು ವಾಸನೆ ಮೂಸಿ ಅಭ್ಯಾಸ ಮಾಡಿ.”

“ಬರುತ್ತೋ ಇಲ್ವೋ, ಒಂದು ಹೇಳಿ ಸ್ವಾಮಿ” ಎಂದರು ಅತ್ತೆ.

“ನಮಗೂ ಗೊತ್ತಿಲ್ಲಮ್ಮ.”

ದಾರಿಯಲ್ಲಿ ಅತ್ತೆ ಒಂದೇ ಮಾತು ಹೇಳಿದರು: “ಗೊತ್ತಿಲ್ಲ ಅನ್ನೋದಕ್ಕೆ ಇಷ್ಟು ದೊಡ್ಡ ಬೋರ್ಡು.”

ಆ ರಜೆಯೆಲ್ಲ ಮುಂದಿನ ಕೋಣೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಕಾಗದದ ಇಟ್ಟಿಗೆಯನ್ನು ಹಬೆಗೆ ಹಿಡಿದು, ಹಾಳೆ ಮಡಚುವ ತೆಳು ಮೂಳೆಕೋಲು ತೂರಿಸಿ, ಹಾಳೆಯಿಂದ ಹಾಳೆ ಬಿಡಿಸಿದರು. ಕೆಲವು ಬಂದವು. ಕೆಲವು ಬರುವಾಗಲೇ ಪುಡಿಯಾದವು. ಹನ್ನೊಂದರಲ್ಲಿ ನಾಲ್ಕು ನೋಟ್‌ಬುಕ್ಕಿನಷ್ಟು ಹೋಯಿತು. ಕೊನೆಯ ನೋಟ್‌ಬುಕ್ಕು, ಆ ಕೂಸನ್ನು ಒಯ್ದ ಜ್ವರ ಬರುವ ಹಿಂದಿನ ದಿನ ಬರೆದದ್ದು, ಒಂದು ಸಾಲೂ ಉಳಿಯಲಿಲ್ಲ. ಅತ್ತೆ ಆ ಪುಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಯಾರನ್ನೂ ಬೈಯಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಸೊಸೆಗೆ ಅನ್ನಿಸಿತು.

ಹಾಳೆಗಳ ಸರದಿ ಬಲ್ಲವರು ಅತ್ತೆಯೊಬ್ಬರೇ. “ಇದು ಮುಂದಿನ ಹಲ್ಲು ಬಿದ್ದ ವಾರ. ನೋಡು, ರಕ್ತದ ಚುಕ್ಕೆ. ಇದು ಅದಕ್ಕೂ ಮೊದಲಿನದು, ಆಗ ಎಡಗೈಯಲ್ಲಿ ಬರೀತಿದ್ದಳು, ಅವಳಪ್ಪ ಬಿಡಿಸಿದ್ರು.” ಸೂಜಿಯನ್ನು ಮಾತ್ರ ಅವರು ಮುಟ್ಟಲಿಲ್ಲ. “ಅವರ ಕೈಗೆ ಆಗಲಿಲ್ಲ. ನನ್ನ ಕೈಗೂ ಆಗಲ್ಲ. ಆಣೆ ಮಾಡಿದವಳು ನೀನು, ನೀನೇ ಹೊಲಿ.” ಸೊಸೆ ಹೊಲಿದಳು. ನಡುವೆ ಕೈ ನಿಂತು, ಮುಂದೇನೆಂದು ತಿಳಿಯದೆ ಸೂಜಿಯನ್ನೇ ನೋಡುತ್ತ ಕೂತಾಗ, ಅತ್ತೆ “ಒಳಗಿಂದ ಹೊರಗೆ” ಎನ್ನುತ್ತಿದ್ದರು. ಅಷ್ಟೇ. ಒಮ್ಮೊಮ್ಮೆ ಅದೇ ಹಾಳೆಗೆ ನಾಲ್ಕು ಸಲ ಹೇಳಬೇಕಾಗುತ್ತಿತ್ತು. ನಾಲ್ಕು ಸಲವೂ ಹೇಳಿದರು.

ಅಂಟು ಮೂಸುವ ಕೆಲಸ ಚಿನಕುರಳಿಗೆ ಬಂತು. “ಸರಿ!” ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಡಾಕ್ಟರು ಹೇಳಿದಂತೆ ಸೊಸೆ ಕಪಾಟಿನ ನಾಲ್ಕು ಶೀಶೆಗಳನ್ನು ಬೆಳಿಗ್ಗೆ ಸಂಜೆ ಮೂಸಿದಳು. ನಾಲ್ಕರಲ್ಲೂ ಅದೇ ತಣ್ಣನೆಯ ಗಾಳಿ. ಅತ್ತೆ ಶೀಶೆಗಳ ಕಡೆ ತಿರುಗಿಯೂ ನೋಡಲಿಲ್ಲ. ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಮೊಮ್ಮಗಳ ಕೈಗೆ ಕೊಟ್ಟುಬಿಟ್ಟರು.

ರಜೆಯ ಕೊನೆಯ ದಿನದ ಬೆಳಿಗ್ಗೆ ಒತ್ತುಯಂತ್ರ ತೆರೆಯಿತು. ಗಂಡ ಅಂಚು ಕತ್ತರಿಸಲು ಬಂದವನು, ಒಂದು ಕೂದಲೆಳೆಯಷ್ಟೂ ಬರಹ ಹೋದೀತೆಂದು ಹೆದರಿ, ಯಂತ್ರ ಬಿಟ್ಟು ಮರಳು ಕಾಗದದಿಂದ ಉಜ್ಜಿದ. ಮಾವನೇ ತಂದಿಟ್ಟಿದ್ದ ಬೂದು ಬಟ್ಟೆಯ ಹೊದಿಕೆ. ಸೊಸೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ನಿಂತಳು.

ಅತ್ತೆ ಕೈ ಚಾಚಲಿಲ್ಲ. ಕಾಯುತ್ತಿದ್ದರು.

ಸೊಸೆ ಕಣ್ಣು ಮುಚ್ಚಿದಳು. ಏದುಸಿರು ಬಂತು. ಯಂತ್ರದ ಕುಯ್ಯ್ ಸದ್ದು ಬಂತು. ‘ಕೊಡುವಾಗ ಒಂದು ಮಾತು ಹೇಳು...’ ಬಂತು. ಆಮೇಲೆ ಗೋಡೆ. ಏನಾದರೊಂದನ್ನು ಕಟ್ಟಿ ಹೇಳಬಹುದಿತ್ತು, ಆ ಮುದಿಜೀವಕ್ಕೆ ಅದೇ ಸಾಕಾಗುತ್ತಿತ್ತೇನೋ! ಆದರೆ ದಿನಾ “ಸರಿ” ಎಂದು ಸುಳ್ಳಾಡಿದ ಆ ಬಾಯಿ ಈಗ ಒಪ್ಪಲಿಲ್ಲ.

“ಬರ್ತಿಲ್ಲ ಅತ್ತೆ” ಎಂದಳು, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. “ಇನ್ನು ಬರೋದೂ ಇಲ್ಲ.”

ಅತ್ತೆ ಬಹಳ ಹೊತ್ತು ಅವಳ ಮುಖ ನೋಡಿದರು. ಆಮೇಲೆ ಕೈ ಚಾಚಿ ಪುಸ್ತಕ ತೆಗೆದುಕೊಂಡರು. ತೆರೆಯಲಿಲ್ಲ. ನಲವತ್ತು ವರ್ಷ ಬೈಂಡಿಂಗ್ ಮನೆಯಲ್ಲಿ ಬಾಳಿದ ಹೆಂಗಸು ಮಾಡುವಂತೆ, ಹೆಬ್ಬೆರಳಿನಿಂದ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸವರಿದರು.

“ನೆಟ್ಟಗಿದೆ” ಎಂದರು.